ಬಣ್ಣದ ಮರಿ ಮತ್ತು ನಮ್ಮ ಹಿತ್ತಿಲ ಹಂಬಲ

ಮುಂಬಯಿ, ಹೈದರಾಬಾದ್, ಚೆನ್ನೈಗಳ ಸಂತೆಬೀದಿಗಳಲ್ಲಿ ಗುಲಾಬಿ, ಹಸಿರು, ನೀಲಿ ಬಣ್ಣ ಬಳಿದ ಕೋಳಿಮರಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ ಮಾರುತ್ತಾರೆ. ಮರಿಯೊಂದಕ್ಕೆ ಹೆಚ್ಚುಕಡಿಮೆ ಒಂದು ವಡಾಪಾವಿನ ಬೆಲೆ. ಕೊಳ್ಳುವವರಲ್ಲಿ ನಮ್ಮ ಕನ್ನಡದ ಮನೆಗಳೂ ಇವೆ. ಕಾರಣ ಕೇಳಿದರೆ ಸಿದ್ಧ ಉತ್ತರವೊಂದಿದೆ: 'ನಮ್ಮ ಬಾಲ್ಯದಲ್ಲಿ ಹಿತ್ತಿಲ ತುಂಬ ಕೋಳಿಗಳಿದ್ದವು, ಈ ಮಕ್ಕಳು ಏನನ್ನೂ ಕಂಡಿಲ್ಲ. ಒಂದು ಮರಿಯನ್ನಾದರೂ ಸಾಕಲಿ, ದಯೆ ಕಲಿಯಲಿ.' ಈ ಮಾತಿನಲ್ಲಿ ಅಕ್ಕರೆಯಿದೆ, ಆದರೆ ಸತ್ಯವಿಲ್ಲ. ಇಂಥ ಮರಿಗಳನ್ನು ಕೊಳ್ಳುವುದನ್ನು ನಮ್ಮವರು ನಿಲ್ಲಿಸಬೇಕೆಂಬುದು ನಮ್ಮ ವಾದ.

ಮೊದಲು ಆ ಮರಿ ಎಲ್ಲಿಂದ ಬಂತೆಂದು ಕೇಳೋಣ. ಅದು ಬಹುಮಟ್ಟಿಗೆ ಮೊಟ್ಟೆಗಾಗಿ ಬೆಳೆಸುವ ತಳಿಯ ಗಂಡುಮರಿ. ಮೊಟ್ಟೆಯಿಡದ, ಮಾಂಸಕ್ಕೂ ಬೇಗ ಬೆಳೆಯದ ಇಂಥ ಮರಿ ಮರಿಕೇಂದ್ರದ ಲೆಕ್ಕದಲ್ಲಿ ಕಸ. ಹುಟ್ಟಿದ ದಿನವೇ ಇವುಗಳನ್ನು ಕೊಲ್ಲುವುದು ಜಗತ್ತಿನಾದ್ಯಂತ ನಡೆದುಬಂದ ರೂಢಿ. ಜರ್ಮನಿ 2022ರಿಂದ ಅದನ್ನು ಕಾನೂನಿನಿಂದ ನಿಷೇಧಿಸಿದೆ. ನಮ್ಮಲ್ಲಿ ಒಂದಷ್ಟು ಮರಿಗಳು ಬಣ್ಣದಲ್ಲಿ ಅದ್ದಿಸಿಕೊಂಡು ಬೀದಿಗೆ ಬರುತ್ತವೆ. ನಾವು ತೆರುವ ಹಣ ಆ ಮರಿಯನ್ನು ಉಳಿಸುವುದಿಲ್ಲ. ಮುಂದಿನ ಪೆಟ್ಟಿಗೆಯನ್ನು ತರಿಸುತ್ತದೆ.

ಕೊಂಡ ದಿನ ಮರಿ ಲವಲವಿಕೆಯಿಂದಲೇ ಇರುತ್ತದೆ. ಮೊಟ್ಟೆಯೊಡೆಯುವ ಮುನ್ನ ಅದು ಹಳದಿ ಲೋಳೆಯನ್ನು ತನ್ನ ಹೊಟ್ಟೆಯೊಳಗೆ ಎಳೆದುಕೊಂಡಿರುತ್ತದೆ. ಎರಡು ಮೂರು ದಿನಕ್ಕೆ ಅದೇ ಬುತ್ತಿ. ತಡವಾಗಿ ಒಡೆಯುವ ಮೊಟ್ಟೆಗಳಿಗಾಗಿ ತಾಯಿಕೋಳಿ ಇನ್ನೂ ಕಾವು ಕೂತಿರುವಾಗ ಮೊದಲ ಮರಿಗಳು ಹಸಿವಿನಿಂದ ಸಾಯದಿರಲೆಂದು ಒದಗಿದ ವ್ಯವಸ್ಥೆಯಿದು. ವ್ಯಾಪಾರ ಅದನ್ನೇ ಬಳಸಿಕೊಂಡು, ಕಾಳು ನೀರಿಲ್ಲದೆ ಮರಿಗಳನ್ನು ಊರಿಂದೂರಿಗೆ ಸಾಗಿಸುತ್ತದೆ. ಬುತ್ತಿ ಮುಗಿಯುವ ಹೊತ್ತಿಗೆ ಮರಿ ನಮ್ಮ ಮನೆಯಲ್ಲಿರುತ್ತದೆ. ಆಮೇಲೆ ಅದು ತೂಕಡಿಸಿದರೆ 'ನಿದ್ದೆ ಬಂದಿದೆ' ಎಂದು ಮಗುವಿಗೆ ಹೇಳುತ್ತೇವೆ.

ಮೊದಲ ವಾರ ಮರಿಗೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಬಳಿಕ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಬರಬೇಕು. ನಮಗೆ ಹಿತವೆನಿಸುವ 24 ಡಿಗ್ರಿಯ ಏಸಿ ಕೋಣೆ ಅದಕ್ಕೆ ಶೀತಗೃಹ. ಪುಣೆಯ ಡಿಸೆಂಬರ್ ರಾತ್ರಿ, ದೆಹಲಿಯ ಜನವರಿಗಳ ಮಾತು ಬೇಡವೇ ಬೇಡ. ಮೈಮೇಲಿರುವುದು ಪುಕ್ಕವಲ್ಲ, ಬರಿಯ ತುಪ್ಪುಳ; ಅದು ನೀರನ್ನು ತಡೆಯಲಾರದು. ಆದರೂ ಬಣ್ಣ ಹೋಗಲೆಂದು ಮರಿಗೆ ಸ್ನಾನ ಮಾಡಿಸುವವರಿದ್ದಾರೆ. ಭಾನುವಾರ ಬೆಳಿಗ್ಗೆ ಸೊಸೈಟಿಯ ಹುಲ್ಲಿನ ಮೇಲೆ ಬಿಟ್ಟು, ಚಿತ್ರ ತೆಗೆದು, 'ಮೊದಲ ಬಾರಿ ಹೊರಗೆ' ಎಂದು ಬಂಧುಗಳಿಗೆ ಕಳಿಸುವವರೂ ಇದ್ದಾರೆ. ಇಬ್ಬನಿ ಇನ್ನೂ ಆರಿರುವುದಿಲ್ಲ. ಮೇಲೆ ಕಾಗೆ ಕೂತಿರುತ್ತದೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ: 'ನಮ್ಮ ಅಜ್ಜಿಯರು ಥರ್ಮಾಮೀಟರ್ ಹಿಡಿದಿದ್ದರೇ? ಎರಡನೆಯ ದಿನವೇ ಮರಿಗಳು ತಿಪ್ಪೆಯ ಮೇಲಿರುತ್ತಿದ್ದವಲ್ಲ?' ಇದ್ದವು, ನಿಜ. ಆದರೆ ಅವು ಹೇಂಟೆಯೊಂದಿಗೆ ಇದ್ದವು. 21 ದಿನ ಕಾವು ಕೂತ ಹೇಂಟೆ ಮರಿಗಳನ್ನು ಅಂಗಳಕ್ಕಿಳಿಸಿದ ಮೇಲೂ ಆಗಾಗ ರೆಕ್ಕೆ ಬಿಚ್ಚಿ ಕೂತು ಅವನ್ನು ಒಳಗೆಳೆದುಕೊಳ್ಳುತ್ತಿತ್ತು. ಕಾವು ಮರಿಯ ಜೊತೆಗೇ ನಡೆಯುತ್ತಿತ್ತು. ಹದ್ದಿನ ನೆರಳು ಬಿದ್ದರೆ ಎಚ್ಚರಿಸುವ ಒಂದು ಕೂಗು, ಕಾಳು ಕಂಡರೆ ಕರೆಯುವ ಇನ್ನೊಂದು ಕೂಗು ಇತ್ತು. ಅಜ್ಜಿಯೂ ಸುಮ್ಮನಿರಲಿಲ್ಲ: ನುಚ್ಚು ಎರಚುತ್ತಿದ್ದಳು, ಗೆದ್ದಲು ತಂದು ಹಾಕುತ್ತಿದ್ದಳು, ಸಂಜೆ ಎಣಿಸಿ ಮಂಕರಿ ಕವುಚುತ್ತಿದ್ದಳು. ತಾಯಿಕೋಳಿ ತುಳಿದು ಮರಿ ಸಾಯದು ಎಂಬ ಗಾದೆ ಅವಳಿಗೆ ಗೊತ್ತಿತ್ತು. ತಾಯಿಯಿಲ್ಲದ ಮರಿಯ ಗತಿಯೂ ಗೊತ್ತಿತ್ತು. ನಾವು ನೆನಪಿಟ್ಟುಕೊಂಡದ್ದು ಅಂಗಳವನ್ನು, ಮರೆತದ್ದು ಹೇಂಟೆಯನ್ನು.

ಹೊರನಾಡಿನ ನಮ್ಮ ಬರಹಗಳಿಗೂ ಈ ಮಾತು ಸಲ್ಲುತ್ತದೆ. ಹಿತ್ತಿಲು, ಬಾವಿಕಟ್ಟೆ, ಕೋಳಿ ಎಂದೊಡನೆ ನಮ್ಮ ಕಣ್ಣು ತೇವವಾಗುತ್ತದೆ. ಆ ಹಿತ್ತಿಲನ್ನು ನಡೆಸುತ್ತಿದ್ದ ದುಡಿಮೆ, ಅದರಲ್ಲೂ ಹೆಂಗಸರ ದುಡಿಮೆ, ಆ ಕಣ್ಣಿಗೆ ಕಾಣುವುದಿಲ್ಲ. ದುಡಿಮೆಯನ್ನು ಕಳೆದು ಉಳಿಸಿಕೊಂಡ ಊರು ಬಣ್ಣ ಬಳಿದ ಮರಿಯಂತೆಯೇ. ಅದನ್ನು ನಾವು ಬರೆದುಕೊಂಡರೆ ಯಾರೂ ಸಾಯುವುದಿಲ್ಲ. ಕೊಂಡು ತಂದರೆ ಒಂದು ಜೀವ ಸಾಯುತ್ತದೆ.

'ಹೇಗಿದ್ದರೂ ಸಾಯುವ ಮರಿ, ನಾಲ್ಕು ದಿನ ಮಗುವಿನ ಜೊತೆ ಆಡಲಿ' ಎನ್ನುವವರಿಗೆ ಹೇಳಬೇಕಾದದ್ದು ಇಷ್ಟೆ: ಆಗ ಮಗು ಕಲಿಯುವುದು ದಯೆಯನ್ನಲ್ಲ. ಜೀವ ಅಗ್ಗ, ಸತ್ತರೆ ಇನ್ನೊಂದು ಬಣ್ಣದ್ದು ಸಿಗುತ್ತದೆ ಎಂಬುದನ್ನು. ಇನ್ನು ಮರಿ ಬದುಕಿಬಿಟ್ಟರೆ? ಅದು ಹುಂಜವಾಗುತ್ತದೆ, ನಸುಕಿನಲ್ಲಿ ಕೂಗುತ್ತದೆ, ಕೆಳಗಿನ ಮನೆಯವರು ದೂರು ಕೊಡುತ್ತಾರೆ. ಆ ಪ್ರಶ್ನೆಗೆ ಕೊಳ್ಳುವ ದಿನ ಯಾರ ಬಳಿಯೂ ಉತ್ತರವಿರುವುದಿಲ್ಲ.

ಕೋಳಿ ಸಾಕಬಾರದೆಂದು ನಾವು ಹೇಳುತ್ತಿಲ್ಲ. ಸ್ವಂತ ಅಂಗಳವಿದ್ದವರು ಸಾಕಲಿ. ಹಿತ್ತಿಲಿಗೆಂದೇ ರೂಪಿಸಿದ ತಳಿಗಳಿವೆ: ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಯಾದ ಗಿರಿರಾಜ, ಹೈದರಾಬಾದಿನ ವನರಾಜ. ಒಂಟಿ ಮರಿ ಬೇಡ. ಅದು ದಿನವಿಡೀ ಗುಂಪಿಗಾಗಿ ಅಳುತ್ತದೆ. ಕಾವಿನ ಬಲ್ಬಿನ ಒಂದು ಮಗ್ಗುಲಲ್ಲಿ ಬಿಸಿ, ಇನ್ನೊಂದು ಮಗ್ಗುಲಲ್ಲಿ ತಂಪು ಇರಲಿ. ಮರಿಗಳು ಬಲ್ಬಿನಡಿ ಒತ್ತೊತ್ತಾಗಿ ಕೂತರೆ ಚಳಿ, ದೂರ ಸರಿದು ಬಾಯಿ ತೆರೆದರೆ ಸೆಕೆ, ಅವೇ ಹೇಳುತ್ತವೆ. ರಾಣಿಖೇತ್ ರೋಗದ ಲಸಿಕೆ ಮೊದಲ ವಾರದ ಹೊತ್ತಿಗೇ ಬೀಳಬೇಕು. ಮರಿ ಮುಟ್ಟಿದ ಮಕ್ಕಳು ಸೋಪಿನಿಂದ ಕೈ ತೊಳೆಯಬೇಕು.

ಹೊರಗೆ ಬಿಡುವ ದಿನವನ್ನು ಗೊತ್ತುಮಾಡುವುದು ನಮ್ಮ ಭಾನುವಾರವಲ್ಲ, ಮರಿಯ ಪುಕ್ಕ. ಐದಾರು ವಾರಗಳಲ್ಲಿ ಮೈತುಂಬ ಪುಕ್ಕ ಬಂದಮೇಲೆ, ಗಾಳಿ ಮಳೆಯಿಲ್ಲದ ದಿನ, ನೆಲ ಒಣಗಿದ ಹೊತ್ತಿನಲ್ಲಿ, ಮೊದಲಿಗೆ ಅರ್ಧ ಗಂಟೆ ಸಾಕು. ಸುತ್ತ ಮಾತ್ರವಲ್ಲ, ಮೇಲೂ ಬಲೆ ಇರಲಿ. ಒಳಗೆ ನೆರಳು, ನೀರು. ಪಕ್ಕದಲ್ಲಿ ಒಬ್ಬ ದೊಡ್ಡವರು. ಹೇಂಟೆ ಮಾಡುತ್ತಿದ್ದ ಕೆಲಸವನ್ನೆಲ್ಲ ವಹಿಸಿಕೊಳ್ಳಲು ಒಪ್ಪಿದವರು ಮಾತ್ರ ಮರಿ ತರಲಿ.

ಉಳಿದವರು ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಮಗುವನ್ನು ಮರಿಯೊಡನಿರುವ ಹೇಂಟೆಯ ಮುಂದೆ ಒಂದು ತಾಸು ಕೂರಿಸಲಿ. ಬಣ್ಣದ ಪೆಟ್ಟಿಗೆಯ ಮುಂದೆ ಮಗು ಹಟ ಹಿಡಿದರೆ, ಕೈಹಿಡಿದು ಮುಂದೆ ನಡೆಯಲಿ. ಬೇಡವೆಂದದ್ದೇಕೆಂದು ದಾರಿಯಲ್ಲಿ ಹೇಳಲಿ. ಮಗುವಿಗೆ ಅರ್ಥವಾಗುತ್ತದೆ.