ಡೀಸೆಲ್ ಟ್ಯಾಂಕಿನಲ್ಲಿ ಬೂಷ್ಟು

ಮಕ್ಕಳೇ, ಉಪ್ಪಿನಕಾಯಿ ಜಾಡಿಗೆ ಒದ್ದೆ ಚಮಚ ಹಾಕಿ ಅಜ್ಜಿಯಿಂದ ಬೈಸಿಕೊಂಡವರು ನಿಮ್ಮಲ್ಲಿ ಎಷ್ಟು ಜನ? ನಾಚಿಕೆ ಬೇಡ. ನಾನು 68ನೇ ವಯಸ್ಸಿನಲ್ಲೂ ಬೈಸಿಕೊಳ್ಳುತ್ತಿದ್ದೇನೆ. "ನೀರು ತಾಗಿದರೆ ಬೂಷ್ಟು ಬರುತ್ತೆ ಅಂತ ಎಷ್ಟು ಸಲ ಹೇಳಬೇಕು ರೀ?" ಎನ್ನುವುದು ನಮ್ಮ ಮನೆಯಾಕೆಯ ಮಾತು. ಆ ಮಾತು ಒಂದು ದಿನ ಇಂಗ್ಲೆಂಡಿನ ಗುಡ್ಡದ ರಸ್ತೆಯಲ್ಲಿ, ಕೆಟ್ಟು ನಿಂತ ಗಾಡಿಯಲ್ಲಿ ಕೂತಿದ್ದಾಗ ನನಗೆ ನೆನಪಾಯಿತು. ಈ ವಾರ ಆ ಕಥೆ.

ಮಗಳು ಅಳಿಯ ಇರುವುದು ಇಂಗ್ಲೆಂಡಿನಲ್ಲಿ. ಅವರ ಹತ್ತಿರ ಒಂದು ಹಳೆಯ ಮೋಟರ್‌ಹೋಮ್ ಇದೆ, ಸೆಕೆಂಡ್ ಹ್ಯಾಂಡ್. ಮೋಟರ್‌ಹೋಮ್ ಎಂದರೆ ಚಕ್ರದ ಮೇಲಿನ ಪುಟ್ಟ ಮನೆ. ನಮ್ಮ ಮಿನಿ ಬಸ್ಸಿನಷ್ಟು ಉದ್ದ. ಒಳಗೆ ಮಲಗಲು ಹಾಸಿಗೆ, ಅಡುಗೆಗೆ ಒಲೆ, ಪಾತ್ರೆ ತೊಳೆಯಲು ಸಿಂಕು, ಬಾಗಿಲು ಹಾಕಿಕೊಳ್ಳುವ ಕಕ್ಕಸು. ಚಳಿಗೆ ಹೀಟರ್ ಕೂಡ ಉಂಟು, ಅದೂ ಎಂಜಿನ್ನಿನ ಟ್ಯಾಂಕಿನಿಂದಲೇ ಡೀಸೆಲ್ ಕುಡಿಯುತ್ತದೆ. ಈ ಕೊನೆಯ ಸಂಗತಿ ನೆನಪಿಟ್ಟುಕೊಳ್ಳಿ.

ನಾವಿಬ್ಬರೂ ಅಕ್ಟೋಬರ್ ಕೊನೆಯಲ್ಲಿ ಅಲ್ಲಿಗೆ ಹೋದೆವು. ಚಳಿಗಾಲ ಬಂತೆಂದರೆ ಅಲ್ಲಿ ಬಹಳ ಜನ ಇಂಥ ಗಾಡಿಗಳನ್ನು ನಿಲ್ಲಿಸಿಬಿಡುತ್ತಾರೆ, ಮತ್ತೆ ತೆಗೆಯುವುದು ವಸಂತದಲ್ಲಿ. ಅಳಿಯ ಕೇಳಿದ: "ಮಾವ, ಟ್ಯಾಂಕು ತುಂಬಿಸಿ ನಿಲ್ಲಿಸೋಣವಾ?" ನಾನು ಬಸ್ ಡಿಪೋದ ವರ್ಕ್‌ಶಾಪಿನಲ್ಲಿ 31 ವರ್ಷ ಕೈ ಕಪ್ಪು ಮಾಡಿಕೊಂಡವನು. ನನ್ನನ್ನು ಕೇಳಿದ್ದಾನೆ ಎಂದು ಮೀಸೆ ತಿರುವಿ, "ನಿಲ್ಲಿಸಿಡೋ ಗಾಡಿಗೆ ಯಾಕಪ್ಪ ದುಡ್ಡು ಸುರಿಯೋದು? ಕಾಲು ಟ್ಯಾಂಕಿದೆ, ಸಾಕು" ಅಂದೆ. ಅಲ್ಲಿಗೆ ಮುಗಿಯಲಿಲ್ಲ. ಕೆಲಸವಿಲ್ಲದೆ ಕೂರಲಾರದ ಜೀವ ನನ್ನದು. ಬಿಸಿಲು ಕಂಡ ದಿನವೆಲ್ಲ ಪೈಪು ಹಿಡಿದು ಗಾಡಿಯನ್ನು ಜೋರು ನೀರಿನಲ್ಲಿ ತೊಳೆದೆ. ಅಂಗಳದಲ್ಲಿ ಗಾಡಿ ಮದುವಣಗಿತ್ತಿಯಂತೆ ಹೊಳೆಯುತ್ತಿತ್ತು.

ಏಪ್ರಿಲ್ ಮೊದಲಲ್ಲಿ ಶಾಲೆಗೆ ಈಸ್ಟರ್ ರಜೆ. ನಾವು ಊರಿಗೆ ಹೊರಡುವ ಮುಂಚೆ ಐವರೂ ಸೇರಿ ಲೇಕ್ ಡಿಸ್ಟ್ರಿಕ್ಟ್ ನೋಡಿಬರೋಣ ಎಂದಾಯಿತು. ವಿಂಡರ್‌ಮಿಯರ್ ಸರೋವರದಿಂದ ಅಲ್ಸ್‌ವಾಟರ್ ಕಡೆ ಹೋಗಲು ಕರ್ಕ್‌ಸ್ಟೋನ್ ಪಾಸ್ ಎಂಬ ಘಾಟಿ ದಾಟಬೇಕು. ಅದರ ಎತ್ತರ 454 ಮೀಟರು. ನಮ್ಮ ಆಗುಂಬೆಯ ಮುಂದೆ ಅದು ಮರಿ. ಆದರೂ ಆಂಬಲ್‌ಸೈಡ್ ಊರಿನಿಂದ ಅದಕ್ಕೆ ಹತ್ತುವ ಇನ್ನೊಂದು ಕಡಿದಾದ ರಸ್ತೆಗೆ ಅಲ್ಲಿಯ ಜನ 'ದಿ ಸ್ಟ್ರಗಲ್', ಅಂದರೆ 'ಹೆಣಗಾಟ' ಎಂದೇ ಹೆಸರಿಟ್ಟಿದ್ದಾರೆ. ನಾವು ಆ ದಾರಿ ಬಿಟ್ಟು ಸಲೀಸಾದ ದಾರಿ ಹಿಡಿದಿದ್ದೆವು. ಹೆಣಗಾಟ ನಮ್ಮ ಟ್ಯಾಂಕಿನೊಳಗೇ ಇತ್ತು.

ಅರ್ಧ ಏರು ಹತ್ತುವಾಗ ಎಂಜಿನ್ ಮುಗ್ಗರಿಸಿತು. ಆಕ್ಸಿಲರೇಟರ್ ಒತ್ತಿದರೂ ಎಳೆತವಿಲ್ಲ. ಅಳಿಯ ಹೇಗೋ ರಸ್ತೆಬದಿಯ ಜಾಗಕ್ಕೆ ತಂದು ನಿಲ್ಲಿಸಿದ. ಮತ್ತೆ ಸ್ಟಾರ್ಟ್ ಆಗಲಿಲ್ಲ. ಹೊರಗೆ ಮಂಜು, ಮಳೆ, ಗಾಳಿ. ಸಹಾಯದ ಗಾಡಿ ಬರಲು ಮೂರು ಗಂಟೆಯಾಗುತ್ತದೆ ಎಂದರು. ಇರಲಿ, ಹೀಟರ್ ಇದೆಯಲ್ಲ ಎಂದುಕೊಂಡೆವು. ಅದೂ ಬಿಳಿ ಹೊಗೆ ಕೆಮ್ಮಿ ಸುಮ್ಮನಾಯಿತು. ನಮ್ಮವಳಿಗೆ ಉಬ್ಬಸ. ಮೊಮ್ಮಗಳು ಪುಟ್ಟಿ ಅಜ್ಜಿಗೆ ಇದ್ದಬದ್ದ ಕಂಬಳಿಯನ್ನೆಲ್ಲ ಹೊದಿಸಿ ಕೈ ಉಜ್ಜುತ್ತ ಕೂತಳು. ಆ ಮೂರು ಗಂಟೆ ಅಜ್ಜಿಯ ಉಸಿರಿನ ಸುಯ್ಯನ್ನು ಕೇಳುತ್ತ ಕೂತದ್ದು ನನಗೆ ಈಗಲೂ ಮರೆತಿಲ್ಲ.

ಕೊನೆಗೆ ಗಾಡಿಯನ್ನು ಎಳೆದು ಒಂದು ಗ್ಯಾರೇಜಿಗೆ ಮುಟ್ಟಿಸಿದರು. ಮೆಕ್ಯಾನಿಕ್ ಡೀಸೆಲ್ ಫಿಲ್ಟರ್ ಬಿಚ್ಚಿ ನನ್ನ ಮುಂದೆ ಹಿಡಿದ. ಒಳಗೆಲ್ಲ ಕಂದು ಕಪ್ಪು ಲೋಳೆ, ದೀಪದ ಎಣ್ಣೆಯ ಮಡ್ಡಿಯ ಹಾಗೆ. "ಡೀಸೆಲ್ ಬಗ್" ಅಂದ. ಬಗ್ ಎಂದರೆ ಹುಳವಲ್ಲ. ಬೂಷ್ಟು ಮತ್ತು ಬ್ಯಾಕ್ಟೀರಿಯಾ.

ಡೀಸೆಲ್ ಕುಡಿದು ಬದುಕುವ ಜೀವಿಯೇ? ಉಂಟು. ಇವುಗಳಲ್ಲಿ ಹೆಸರುವಾಸಿಯಾದ ಒಂದು ಬೂಷ್ಟಿಗೆ ವಿಜ್ಞಾನಿಗಳು ಹಾರ್ಮೊಕೋನಿಸ್ ರೆಸಿನೇ ಎಂದು ಹೆಸರಿಟ್ಟಿದ್ದರು, ಜನರ ಬಾಯಲ್ಲಿ ಅದು 'ಸೀಮೆಎಣ್ಣೆ ಬೂಷ್ಟು'. ಜೆಟ್ ವಿಮಾನಗಳು ಹೊಸದಾಗಿ ಹಾರತೊಡಗಿದ ಕಾಲದಲ್ಲಿ ಅವುಗಳ ರೆಕ್ಕೆಯೊಳಗಿನ ಇಂಧನ ಟ್ಯಾಂಕುಗಳಲ್ಲಿ ಇದು ಬೆಳೆದು, ಅಲ್ಯೂಮಿನಿಯಂ ತಗಡನ್ನೇ ತಿಂದು ಎಂಜಿನಿಯರುಗಳ ನಿದ್ದೆಗೆಡಿಸಿತ್ತು. ಆದರೆ ಈ ಜೀವಿಗಳಿಗೆ ಎಣ್ಣೆ ಊಟ ಮಾತ್ರ, ಮನೆಯಲ್ಲ. ಅವುಗಳ ಮನೆ ನೀರು. ಡೀಸೆಲ್ಲಿಗಿಂತ ನೀರು ಭಾರ, ಆದ್ದರಿಂದ ಟ್ಯಾಂಕಿನ ತಳ ಸೇರುತ್ತದೆ. ನೀರೂ ಡೀಸೆಲ್ಲೂ ಸೇರುವ ಗಡಿಯಲ್ಲಿ ಇವು ನೀರೊಳಗೆ ವಾಸ ಮಾಡಿ, ಮೇಲಿನ ಎಣ್ಣೆಗೆ ಬಾಯಿ ಹಾಕುತ್ತವೆ. ನೀರಿಲ್ಲದ ಡೀಸೆಲ್ಲಿನಲ್ಲಿ ಇವು ಬೆಳೆಯಲಾರವು. ಉಪ್ಪಿನಕಾಯಿ ಜಾಡಿಗೂ ಇದಕ್ಕೂ ಬಹಳ ವ್ಯತ್ಯಾಸವಿಲ್ಲ, ನೋಡಿ.

(ಗಾಜಿನ ಲೋಟದಲ್ಲಿ ನೀರು ಮತ್ತು ಕಡಲೆಕಾಯಿ ಎಣ್ಣೆ ಹಾಕಿ ಕಲಕಿ ಬಿಡಿ, ಗಡಿ ನಿಮಗೇ ಕಾಣುತ್ತದೆ. ಅಡುಗೆ ಎಣ್ಣೆಯಲ್ಲಿ ಮಾಡಿ, ಡೀಸೆಲ್ ಮುಟ್ಟಬೇಡಿ. ಕಡಲೆಕಾಯಿ ಎಣ್ಣೆ ಎಂದಾಗ ನೆನಪಾಯಿತು: 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಒಂದು ಡೀಸೆಲ್ ಎಂಜಿನ್ನನ್ನು ಕಡಲೆಕಾಯಿ ಎಣ್ಣೆಯಲ್ಲೇ ಓಡಿಸಿ ತೋರಿಸಿದ್ದರು!)

ಹಾಗಾದರೆ 31 ವರ್ಷ ಡೀಸೆಲ್ಲಿನಲ್ಲೇ ಮಿಂದವನಿಗೆ ಇದು ಹೊಳೆಯಲಿಲ್ಲವೇಕೆ? ನಮ್ಮ ಬಸ್ಸುಗಳಲ್ಲಿ ಡೀಸೆಲ್ ನಿಲ್ಲುತ್ತಲೇ ಇರಲಿಲ್ಲ. ರಾತ್ರಿ ತುಂಬಿಸಿದ್ದು ಮರುದಿನ ಖಾಲಿ. ಬೂಷ್ಟಿಗೆ ಸಂಸಾರ ಹೂಡಲು ಪುರುಸೊತ್ತೇ ಸಿಗುತ್ತಿರಲಿಲ್ಲ. ಡಿಪೋದ ನೆಲದಡಿಯ ಟ್ಯಾಂಕಿಗೆ ಮಾತ್ರ ಅಳತೆ ಕೋಲಿನ ತುದಿಗೆ ಒಂದು ಪೇಸ್ಟು ಸವರಿ ಇಳಿಸುತ್ತಿದ್ದೆವು. ತಳದಲ್ಲಿ ನೀರಿದ್ದರೆ ಪೇಸ್ಟಿನ ಬಣ್ಣ ಬದಲಾಗುತ್ತದೆ. ಪೆಟ್ರೋಲ್ ಬಂಕಿನವರೂ ಹೀಗೆಯೇ ನೋಡುತ್ತಾರೆ. ದೊಡ್ಡ ಟ್ಯಾಂಕಿಗೆ ಮಾಡುತ್ತಿದ್ದ ಯೋಚನೆಯನ್ನು ಮಗಳ ಮನೆಯ ಗಾಡಿಗೆ ಮಾಡದೇ ಹೋದೆ.

ಇನ್ನೊಂದು ಸಂಗತಿಯೂ ಬದಲಾಗಿದೆ. ಇಂಗ್ಲೆಂಡಿನ ಬಂಕುಗಳಲ್ಲಿ ಡೀಸೆಲ್ ಪಂಪಿನ ಮೇಲೆ 'ಬಿ7' ಎಂಬ ಚೀಟಿ ಇರುತ್ತದೆ. ನೂರರಲ್ಲಿ ಏಳು ಪಾಲಿನವರೆಗೆ ಬಯೋಡೀಸೆಲ್ ಬೆರೆತಿರಬಹುದು ಎಂದು ಅದರ ಅರ್ಥ. ಕರಿದು ಉಳಿದ ಅಡುಗೆ ಎಣ್ಣೆಯಿಂದಲೂ ಅದನ್ನು ಮಾಡುತ್ತಾರೆ. ಒಳ್ಳೆಯ ಕೆಲಸವೇ. ಆದರೆ ಬಯೋಡೀಸೆಲ್ ಬರಿಯ ಡೀಸೆಲ್ಲಿಗಿಂತ ಹೆಚ್ಚು ನೀರು ಹೀರಿಕೊಳ್ಳುತ್ತದೆ. ಬೂಷ್ಟಿಗೂ ಅದು ಸುಲಭವಾಗಿ ಅರಗುವ ಊಟ.

ಈಗ ಪುಟ್ಟಿಯ ಲೆಕ್ಕ. ಟ್ಯಾಂಕಿನ ತಳದಿಂದ ಮೆಕ್ಯಾನಿಕ್ ತೆಗೆದ ನೀರು ಒಂದು ಲೋಟ ತುಂಬ ಇತ್ತು. "ಕಾಲು ಟ್ಯಾಂಕು ಬಿಟ್ಟದ್ದು ನನ್ನದೇ ತಪ್ಪು. ಖಾಲಿ ಜಾಗದ ಗಾಳಿಯ ತೇವವೇ ಬೆವರಿ ನೀರಾಗಿದೆ" ಎಂದು ನಾನು ಒಪ್ಪಿಕೊಂಡುಬಿಟ್ಟೆ. ತಣ್ಣೀರಿನ ಸ್ಟೀಲ್ ಲೋಟದ ಹೊರಗೆ ಹನಿ ಕೂರುವ ಹಾಗೆ. 11 ವರ್ಷದ ಪುಟ್ಟಿ, "ಲೆಕ್ಕ ಹಾಕೋಣ ತಾತ" ಎಂದು ಪೆನ್ಸಿಲ್ ತೆಗೆದಳು.

ಟ್ಯಾಂಕು ಹಿಡಿಯುವುದು 60 ಲೀಟರು. ಡೀಸೆಲ್ ಇದ್ದದ್ದು 15, ಉಳಿದ 45 ಲೀಟರು ಗಾಳಿ. ಟ್ಯಾಂಕಿಗೆ ಉಸಿರಾಡಲು ಒಂದು ಸಣ್ಣ ದಾರಿ ಇರುತ್ತದೆ. ಹಗಲು ಗಾಳಿ ಹಿಗ್ಗಿ ಹೊರಗೆ ಹೋಗುತ್ತದೆ, ರಾತ್ರಿ ಕುಗ್ಗಿದಾಗ ಹೊರಗಿನ ತೇವದ ಗಾಳಿ ಒಳಗೆ ಬರುತ್ತದೆ. ಹಗಲಿಗೂ ರಾತ್ರಿಗೂ 10 ಡಿಗ್ರಿ ವ್ಯತ್ಯಾಸವಿದ್ದರೆ ದಿನಕ್ಕೆ ಒಳಗೆ ಬರುವುದು ಸುಮಾರು ಒಂದೂವರೆ ಲೀಟರು ಗಾಳಿ. ಅಲ್ಲಿಯ ಚಳಿಯಲ್ಲಿ ಒಂದು ಲೀಟರು ಗಾಳಿ ಎಷ್ಟೇ ತೇವವಾಗಿದ್ದರೂ ಹೊರುವ ನೀರು ಒಂದು ಗ್ರಾಮಿನ ನೂರನೇ ಒಂದು ಪಾಲಿನ ಆಸುಪಾಸು. 150 ದಿನಕ್ಕೆ ಎರಡು ಮೂರು ಗ್ರಾಂ. ಅರ್ಧ ಚಮಚ! ಇನ್ನು ಡೀಸೆಲ್ಲಿನಲ್ಲೇ ಕರಗಿರುವ ನೀರು: ಕೆ.ಜಿ.ಗೆ 200 ಮಿಲಿಗ್ರಾಂ ಮೀರಬಾರದೆಂದು ನಿಯಮ. 15 ಲೀಟರು ಎಂದರೆ ಸುಮಾರು ಹನ್ನೆರಡೂವರೆ ಕೆ.ಜಿ. ಹೆಚ್ಚೆಂದರೆ ಇನ್ನೊಂದು ಅರ್ಧ ಚಮಚ.

"ತಾತ, ಒಂದು ಚಮಚ ಆಯ್ತು. ಲೋಟದ ಮಿಕ್ಕ ನೀರು ಎಲ್ಲಿಂದ ಬಂತು?"

ಮೆಕ್ಯಾನಿಕ್ ಏನೂ ಹೇಳದೆ ಟ್ಯಾಂಕಿನ ಮುಚ್ಚಳ ತಂದು ತೋರಿಸಿದ. ಅದರೊಳಗೆ ಕುಕ್ಕರಿನ ಗ್ಯಾಸ್ಕೆಟ್ಟಿನಂಥ ಒಂದು ರಬ್ಬರ್ ಬಳೆ ಇರುತ್ತದೆ. ಅದು ಒಣಗಿ ಎರಡು ಕಡೆ ಸೀಳಿತ್ತು. ಐದು ತಿಂಗಳ ಮಳೆ ನೀರು ಅಲ್ಲಿಂದಲೇ ಇಳಿದಿತ್ತು. ಮಗಳು ನನ್ನ ಕಡೆ ನೋಡಿದಳು. "ಅಪ್ಪ, ಪೈಪಿನ ನೀರೂ ಇಳಿದಿರಬೇಕು" ಅಂದಳು. ನಾನು ಮುಚ್ಚಳವನ್ನೇ ನೋಡುತ್ತ ನಿಂತೆ.

ರಿಪೇರಿ ಸುಲಭವಲ್ಲ. ಬೂಷ್ಟು ಕೊಲ್ಲುವ ಔಷಧಿ ಸಿಗುತ್ತದೆ. ಅದು ವಿಷ, ಕೈಗವಸು ಹಾಕಿ, ಡಬ್ಬಿಯ ಮೇಲೆ ಬರೆದ ಅಳತೆಯಲ್ಲೇ ದೊಡ್ಡವರು ಹಾಕಬೇಕು. ಆದರೆ ಸತ್ತ ಬೂಷ್ಟು ಮಾಯವಾಗುವುದಿಲ್ಲ, ಹೆಣವೆಲ್ಲ ಫಿಲ್ಟರಿಗೇ ಬಂದು ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಟ್ಯಾಂಕು ಇಳಿಸಿ, ತೊಳೆದು ಒಣಗಿಸಿ, ಹೊಸ ಡೀಸೆಲ್ಲಿಗೆ ಔಷಧಿ ಹಾಕಿದರು. ಸ್ವಲ್ಪ ದೂರ ಓಡಿಸಿದ ಮೇಲೆ ಫಿಲ್ಟರನ್ನು ಇನ್ನೊಮ್ಮೆ ಬದಲಿಸಿ ಎಂದರು. ಈಗಿನ ಎಂಜಿನ್ನುಗಳು ಡೀಸೆಲ್ಲನ್ನು ಸಾವಿರಾರು ಪಟ್ಟು ಒತ್ತಡದಲ್ಲಿ, ಕೂದಲಿನಷ್ಟು ಸಣ್ಣ ತೂತಿನಿಂದ ಚಿಮ್ಮಿಸುತ್ತವೆ. ನೀರು ಅಲ್ಲಿಗೆ ತಲುಪಿದರೆ ಇಂಜೆಕ್ಟರುಗಳೇ ಹಾಳು. ನಮ್ಮ ಪುಣ್ಯ, ಫಿಲ್ಟರೇ ಅಡ್ಡ ನಿಂತಿತ್ತು. ರಜೆಯ ದುಡ್ಡೆಲ್ಲ ಗ್ಯಾರೇಜಿಗೆ ಸಂದಾಯವಾಯಿತು, ಅಲ್ಸ್‌ವಾಟರ್ ನೋಡಲೇ ಇಲ್ಲ.

ಅರ್ಧ ಚಮಚವೇ ಆದರೆ ಟ್ಯಾಂಕು ತುಂಬಿಸುವುದೇಕೆ ಎಂದು ಕೇಳುವಿರಿ. ಬೂಷ್ಟಿಗೆ ಲೋಟ ಬೇಕಿಲ್ಲ, ತೆಳುವಾದ ಒಂದು ಪದರ ನೀರು ಸಾಕು. ತಳ ಸೇರಿದ ನೀರು ತಾನಾಗಿ ವಾಪಸು ಹೋಗುವುದೂ ಕಷ್ಟ. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಜಾಗವಿಲ್ಲ. ಆದರೆ ನನ್ನನ್ನು ಕೇಳಿದರೆ ಮೊದಲು ನೋಡಬೇಕಾದ್ದು ಮುಚ್ಚಳದ ರಬ್ಬರು, ಆಮೇಲೆ ಟ್ಯಾಂಕು. ಅನೇಕ ಗಾಡಿಗಳಲ್ಲಿ ಫಿಲ್ಟರಿನ ಬುಡದಲ್ಲಿ ನೀರು ಇಳಿಸುವ ಸ್ಕ್ರೂ ಇರುತ್ತದೆ, ನಿಲ್ಲಿಸುವ ಮುಂಚೆ ಮತ್ತು ತೆಗೆಯುವ ಮುಂಚೆ ಅದನ್ನು ಬಿಚ್ಚಿ ನೋಡಬೇಕು. ಆ ಡೀಸೆಲ್ಲನ್ನು ಗಾಜಿನ ಸೀಸೆಯಲ್ಲಿ ಹಿಡಿದು ಬೆಳಕಿಗೆ ಒಡ್ಡಿದರೆ ತಿಳಿಯಾಗಿ ಹೊಳೆಯಬೇಕು. ತಳದಲ್ಲಿ ಗುಳ್ಳೆಯಂತೆ ನೀರು, ನಡುವೆ ಲೋಳೆಯ ಗೆರೆ ಕಂಡರೆ ಗಾಡಿ ಗ್ಯಾರೇಜಿಗೆ. ಕೊಳೆತ ಮೊಟ್ಟೆಯ ವಾಸನೆ ಬಂದರೂ ಅಷ್ಟೇ.

ನಮ್ಮ ಊರಲ್ಲಿ ಮೋಟರ್‌ಹೋಮ್ ಎಲ್ಲಿ ಎಂದು ಹಿರಿಯರು ಪುಟ ತಿರುಗಿಸಬೇಡಿ. ನಿಮ್ಮ ಅಪಾರ್ಟ್‌ಮೆಂಟಿನ ಜನರೇಟರಿನ ಡೀಸೆಲ್ ತುಂಬಿಸಿ ಎಷ್ಟು ತಿಂಗಳಾಯಿತು? ಕರೆಂಟು ಹೋಗದ ವರ್ಷ ಅದೂ ಹಾಗೆಯೇ ನಿಂತಿರುತ್ತದೆ, ಲಿಫ್ಟಿನಲ್ಲಿ ಯಾರೋ ಸಿಕ್ಕಿಕೊಂಡ ದಿನವೇ ಕೆಮ್ಮುತ್ತದೆ. ಮಳೆಗಾಲದಲ್ಲಿ ಕೊಟ್ಟಿಗೆಯಲ್ಲಿ ನಿಂತ ಟ್ರಾಕ್ಟರಿನ ಮುಚ್ಚಳವನ್ನೂ ಒಮ್ಮೆ ನೋಡಿ.

ಕಳೆದ ಅಕ್ಟೋಬರಿನಲ್ಲಿ ಪುಟ್ಟಿ ಫೋನಿಗೆ ಎರಡು ಫೋಟೋ ಕಳಿಸಿದಳು. ಒಂದರಲ್ಲಿ ಮುಚ್ಚಳದ ಹೊಸ ರಬ್ಬರ್ ಬಳೆ. ಇನ್ನೊಂದರಲ್ಲಿ ಡೀಸೆಲ್ ಮುಳ್ಳು ಪೂರ್ತಿ ಮೇಲೆ. ಕೆಳಗೆ ಒಂದು ಸಾಲು: "ತಾತ, ಈ ಸಲ ನೀನು ಬಂದಾಗ ಗಾಡಿ ತೊಳೆಯೋದು ಬೇಡ ಅಂತ ಅಮ್ಮ ಹೇಳಿದ್ದಾಳೆ."