ಎಲೆ ಎತ್ತಿದ ಮೇಲೆ ಉಪ್ಪು ಬೇಕೇ ಎಂದರೆ?

ನಮ್ಮ ಅಕ್ಕನ ಮಗಳು ನಮ್ಮ ಮನೆಯಲ್ಲೇ ಇದ್ದುಕೊಂಡು ಇಲ್ಲಿನ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದಾಳೆ. ಕಳೆದ ಸೆಮಿಸ್ಟರ್ ಮುಗಿಯುವ ವಾರ, ಒಂದು ಸಂಜೆ ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಅವಳು ಅಡಿಗೆಮನೆಯ ಕಟ್ಟೆಗೆ ಒರಗಿಕೊಂಡು ಮೊಬೈಲಿನಲ್ಲಿ ಏನೋ ಪಟಪಟ ಒತ್ತುತ್ತಿದ್ದಳು.

"ಏನೇ ಅದು?"

"ಫೀಡ್‌ಬ್ಯಾಕ್ ಫಾರಂ, ಚಿಕ್ಕಮ್ಮ. ಲೆಕ್ಚರರ್‌ಗಳು ಹೇಗೆ ಪಾಠ ಮಾಡ್ತಾರೆ ಅಂತ ನಾವು ಮಾರ್ಕ್ಸ್ ಕೊಡಬೇಕು."

ಸಾಸಿವೆ ಸಿಡಿದು ಮುಗಿಯುವಷ್ಟರಲ್ಲಿ ಆರು ಜನ ಅಧ್ಯಾಪಕರಿಗೂ 'ಅತ್ಯುತ್ತಮ' ಎಂದು ಒತ್ತಿ ಮುಗಿಸಿದ್ದಳು. ಎರಡು ದಿನದ ಹಿಂದೆ ಇದೇ ಹುಡುಗಿ ಸಂಖ್ಯಾಶಾಸ್ತ್ರದ ಪುಸ್ತಕ ಮುಚ್ಚಿಟ್ಟು ಅತ್ತಿದ್ದಳು. ಆ ಮೇಷ್ಟ್ರು ಗೈಡ್ ನೋಡಿ ಲೆಕ್ಕವನ್ನೂ ಉತ್ತರವನ್ನೂ ಬೋರ್ಡಿಗೆ ಇಳಿಸಿ ಹೋಗುತ್ತಾರಂತೆ. ಯಾಕೆ, ಹೇಗೆ ಎಂಬ ಮಾತೇ ಇಲ್ಲ. ಅವರಿಗೂ 'ಅತ್ಯುತ್ತಮ'ವೇ ಎಂದು ಕೇಳಿದೆ.

"ಮೊದಲನೇ ಪ್ರಶ್ನೆ ನೋಡಿ ಚಿಕ್ಕಮ್ಮ, ರಿಜಿಸ್ಟರ್ ನಂಬರ್. ಇಂಟರ್ನಲ್ ಮಾರ್ಕ್ಸ್ ಅವರ ಕೈಲೇ ಇರೋದು. ಅಷ್ಟಕ್ಕೂ ಇದನ್ನ ಯಾರು ಓದ್ತಾರೆ? ನ್ಯಾಕ್ ಫೈಲಿಗೆ ಅಷ್ಟೆ."

ಫಲಿತಾಂಶ ಬಂದಾಗ ಅವಳಿಗೆ ಅದೊಂದೇ ಪೇಪರ್ ಉಳಿದಿತ್ತು. "ಓದು ತಲೆಗೆ ಹತ್ತದಿದ್ದರೆ ಬಿಡಿಸಿ, ಗಂಡು ನೋಡ್ತೀವಿ" ಎಂದು ನಮ್ಮ ಭಾವ ಫೋನಿನಲ್ಲಿ ಅಂದೂಬಿಟ್ಟರು. ಹಾಗಾಗಿ ಇದು ಕಾಲೇಜಿನವರ ಕಾಗದಪತ್ರದ ವಿಷಯ, ನಮಗೇಕೆ ಎಂದು ನಾನು ಸುಮ್ಮನಿರಲಾರೆ. ಒಳ್ಳೆಯ ಪಾಠ ಸಿಗದ ಹುಡುಗ ಟ್ಯೂಷನ್‌ಗೆ ಹೋಗುತ್ತಾನೆ. ಹುಡುಗಿಯನ್ನು ಮನೆಗೆ ಕರೆಸಿಕೊಳ್ಳುತ್ತಾರೆ.

ವಿದ್ಯಾರ್ಥಿಗಳ ಅಭಿಪ್ರಾಯ ಕೇಳುವುದು ಹೊಸದೇನಲ್ಲ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಹರ್ಮನ್ ರೆಮ್ಮರ್ಸ್ ಎಂಬ ಪ್ರಾಧ್ಯಾಪಕರು 1920ರ ದಶಕದಲ್ಲೇ ಇಂಥ ಪ್ರಶ್ನಾವಳಿ ರೂಪಿಸಿದ್ದರು. ನಮ್ಮಲ್ಲಿ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆ ಹುಟ್ಟಿದ್ದು 1994ರಲ್ಲಿ. ಅದರ ಕಚೇರಿ ಇರುವುದು ನಮ್ಮ ಬೆಂಗಳೂರಿನಲ್ಲೇ. 2017ರಲ್ಲಿ ಅದು ತನ್ನ ಪದ್ಧತಿಯನ್ನು ಬದಲಿಸಿ, ವಿದ್ಯಾರ್ಥಿಗಳ ತೃಪ್ತಿ ಸಮೀಕ್ಷೆಯನ್ನೂ ಸೇರಿಸಿತು. ಉದ್ದೇಶ ಒಳ್ಳೆಯದೇ. ಆದರೆ ನಮ್ಮ ಊರುಗಳ ಕಾಲೇಜಿಗೆ ಬರುವ ಹೊತ್ತಿಗೆ ಅದು ತಂಡ ಬರುವ ಮುಂಚೆ ಗೋಡೆಗೆ ಸುಣ್ಣ ಹೊಡೆಸುವ ಕೆಲಸಗಳ ಜೊತೆಗೆ ಇನ್ನೊಂದಾಯಿತು.

ಒಂದು ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕೂತಿದ್ದ ಉಪನ್ಯಾಸಕರೊಬ್ಬರ ಹತ್ತಿರ ಈ ಮಾತು ತೆಗೆದೆ. ಅವರು ನಕ್ಕು, "ಕೋಳೀನ ಕೇಳಿ ಮಸಾಲೆ ಅರೀತಾರಾ ಮೇಡಂ?" ಎಂದರು. ಸ್ವಾಮಿ, ಮಕ್ಕಳು ಕೋಳಿಗಳಲ್ಲ, ಊಟಕ್ಕೆ ಕೂತವರು. ಅಡಿಗೆ ಮಾಡುವುದು ಹೇಗೆಂದು ಅವರಿಗೆ ತಿಳಿಯದಿರಬಹುದು. ಉಪ್ಪು ಸಾಲದು ಎಂಬುದು ಉಣ್ಣುವವರಿಗಲ್ಲದೆ ಮತ್ತಾರಿಗೆ ತಿಳಿಯಬೇಕು? ಅವರ ಪಾಂಡಿತ್ಯವನ್ನು ಅಳೆಯಲು ಮಕ್ಕಳಿಗೆ ಆಗದು, ಒಪ್ಪುತ್ತೇನೆ. ಆದರೆ ಪಾಠ ಕಿವಿಗೆ ಬಿತ್ತೇ, ಅರ್ಥವಾಯಿತೇ, ಪ್ರಶ್ನೆ ಕೇಳಿದರೆ ಗದರುತ್ತಾರೆಯೇ ಎಂಬುದಕ್ಕೆ ಅವರನ್ನು ಬಿಟ್ಟರೆ ಬೇರೆ ಸಾಕ್ಷಿಯೇ ಇಲ್ಲ.

ಆದರೆ ಆ ಸಾಕ್ಷಿಯನ್ನು ಸೆಮಿಸ್ಟರ್ ಮುಗಿದ ಮೇಲೆ ಕೇಳಿದರೆ ಏನು ಬಂತು? ಉಂಡವರು ಎದ್ದು, ಎಲೆ ಎತ್ತಿದ ಮೇಲೆ "ಉಪ್ಪು ಬೇಕಿತ್ತೇ?" ಎಂದು ವಿಚಾರಿಸಿದ ಹಾಗೆ. ಹೇಳಿದ ಮಕ್ಕಳಿಗೆ ಅದರಿಂದ ಏನೂ ದಕ್ಕುವುದಿಲ್ಲ. ದಕ್ಕದ ಮೇಲೆ ನಿಜ ಯಾಕೆ ಹೇಳಬೇಕು?

ನಾನು ಹೈಸ್ಕೂಲಿನವಳು, ಬರೀ ಬಿ.ಎ., ಬಿ.ಇಡಿ. ಕಾಲೇಜಿನವರಿಗೆ ಹೇಳಲು ನೀವು ಯಾರು ಎಂದಾರು. ಅದಕ್ಕೇ ಮೊದಲು ನನ್ನ ತರಗತಿಯಲ್ಲೇ ಮಾಡಿ ನೋಡಿದೆ. ಅಮೆರಿಕದ ಥಾಮಸ್ ಆಂಜೆಲೊ, ಪೆಟ್ರೀಷಿಯಾ ಕ್ರಾಸ್ ಎಂಬ ಶಿಕ್ಷಣತಜ್ಞರು ಕಾಲೇಜು ಅಧ್ಯಾಪಕರಿಗಾಗಿ ಬರೆದ ಪುಸ್ತಕದಲ್ಲಿ 'ಒಂದು ನಿಮಿಷದ ಚೀಟಿ'ಯ ಉಪಾಯವಿದೆ. ಪಾಠದ ಕೊನೆಗೆ ಎರಡೇ ಪ್ರಶ್ನೆ: ಇವತ್ತು ಮುಖ್ಯವಾಗಿ ಏನು ಕಲಿತೆ? ಏನು ಅರ್ಥವಾಗಲಿಲ್ಲ? ಹೆಸರು ಬರೆಯುವ ಹಾಗಿಲ್ಲ. ಒಂಬತ್ತನೇ ತರಗತಿಯ ಸಮಾಜ ಪಾಠದ ಕೊನೆಗೆ ಚೀಟಿ ಹಂಚಿದೆ. ಇಪ್ಪತ್ತೈದು ವರ್ಷ ಮೀರಿದ ಸರ್ವಿಸು ನನ್ನದು, ಹೊಗಳಿಕೆಯೇ ಬರುತ್ತದೆ ಎಂದುಕೊಂಡಿದ್ದೆ. ಒಂದು ಚೀಟಿಯಲ್ಲಿ ಹೀಗಿತ್ತು: "ಟೀಚರ್, ನೀವು ಬೋರ್ಡ್ ಕಡೆ ತಿರುಗಿಕೊಂಡೇ ಮಾತಾಡ್ತೀರಿ. ಹಿಂದಿನ ಬೆಂಚಿಗೆ ಕೇಳಿಸಲ್ಲ."

ಮನೆಗೆ ಬಂದರೂ ಅದೇ ಯೋಚನೆ. ಸಿಟ್ಟು ಬಂತು, ಅಕ್ಷರ ನೋಡಿ ಯಾರೆಂದು ಪತ್ತೆ ಮಾಡುವ ಚಪಲವೂ ಬಂತು. ಸುಳ್ಳು ಹೇಳಲಾರೆ. ಬೆಳಗಾಗುವ ಹೊತ್ತಿಗೆ ಸಿಟ್ಟು ಇಳಿಯಿತು. ಎಷ್ಟು ವರ್ಷದ ಹಿಂದಿನ ಬೆಂಚುಗಳಿಗೆ ನನ್ನ ಪಾಠ ಕೇಳಿಸಿರಲಿಲ್ಲವೋ! ಮಾರನೆಯ ದಿನ ತರಗತಿಯಲ್ಲಿ ಆ ಚೀಟಿ ಓದಿ, "ಇದು ನನ್ನ ತಪ್ಪು, ಇನ್ನು ಮೇಲೆ ಬರೆದು ಮುಗಿಸಿ, ನಿಮ್ಮ ಕಡೆ ತಿರುಗಿ ಮಾತಾಡುತ್ತೇನೆ" ಎಂದೆ. ಮುಂದಿನ ವಾರದ ಚೀಟಿಗಳು ದುಪ್ಪಟ್ಟು ಉದ್ದವಿದ್ದವು. ನಮ್ಮ ಮಾತಿಗೆ ಬೆಲೆಯಿದೆ ಎಂದು ಗೊತ್ತಾದರೆ ಮಕ್ಕಳು ನಿಜ ಹೇಳುತ್ತಾರೆ.

ಹಾಗೆಂದು ಈ ಅಂಕಗಳನ್ನೇ ಹಿಡಿದು ಯಾರ ಕೆಲಸಕ್ಕಾದರೂ ಕತ್ತರಿ ಹಾಕುವುದಾದರೆ ನಾನು ಮೊದಲು ವಿರೋಧಿಸುವವಳು. ಅಮೆರಿಕದ ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಮುಖ ಕಾಣದ ಆನ್‌ಲೈನ್ ಪಾಠ. ಒಬ್ಬ ಪುರುಷ, ಒಬ್ಬ ಮಹಿಳೆ, ಇಬ್ಬರೂ ಒಂದು ಗುಂಪಿಗೆ ಸ್ವಂತ ಹೆಸರಿನಲ್ಲೂ ಇನ್ನೊಂದು ಗುಂಪಿಗೆ ಪರಸ್ಪರರ ಹೆಸರಿನಲ್ಲೂ ಕಲಿಸಿದರು. ಉತ್ತರಗಳನ್ನು ತಿದ್ದಿ ಕೊಟ್ಟದ್ದು ಒಂದೇ ಸಮಯಕ್ಕೆ. ಆದರೂ ಹೊತ್ತಿಗೆ ಸರಿಯಾಗಿ ಕೊಟ್ಟರೇ ಎಂಬುದಕ್ಕೆ ಗಂಡು ಹೆಸರಿಗೆ 5ರಲ್ಲಿ 4.35, ಹೆಣ್ಣು ಹೆಸರಿಗೆ 3.55! ಸಣ್ಣ ಅಧ್ಯಯನ ನಿಜ, ಆದರೆ ಮನೆಯಲ್ಲೂ ಸ್ಟಾಫ್ ರೂಮಿನಲ್ಲೂ ದುಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕೇ? 2018ರಲ್ಲಿ ಕೆನಡಾದ ಟೊರಾಂಟೊದ ಒಂದು ವಿಶ್ವವಿದ್ಯಾಲಯದ ವ್ಯಾಜ್ಯದಲ್ಲಿ, ಬಡ್ತಿ ಕೊಡುವಾಗ ಬೋಧನೆಯ ಪರಿಣಾಮ ಅಳೆಯಲು ಈ ಅಂಕಗಳನ್ನು ಬಳಸಬಾರದೆಂದು ಮಧ್ಯಸ್ಥಗಾರರು ತೀರ್ಪಿತ್ತರು. ವರ್ಷ ವರ್ಷವೂ ಕೆಲಸ ಉಳಿಯುತ್ತದೋ ಇಲ್ಲವೋ ಎಂದು ಕಾಯುವ ನಮ್ಮ ಅತಿಥಿ ಉಪನ್ಯಾಸಕಿಯರ ತಲೆಯ ಮೇಲೆ ಇನ್ನೊಂದು ಕತ್ತಿ ತೂಗುಹಾಕುವುದು ಬೇಡ. ಚೀಟಿ ತಿದ್ದಿಕೊಳ್ಳಲಿಕ್ಕೆ, ಶಿಕ್ಷೆ ಕೊಡಲಿಕ್ಕಲ್ಲ.

ನನ್ನ ಬೇಡಿಕೆ ಮೂರೇ. ಫಾರಂನಲ್ಲಿ ಹೆಸರೂ ನಂಬರೂ ಇರಬಾರದು. ಸೆಮಿಸ್ಟರಿನ ನಡುವೆ, ತಿದ್ದಿಕೊಳ್ಳಲು ಸಮಯವಿರುವಾಗಲೇ ಕೇಳಬೇಕು. ಕೇಳಿದವರು ತರಗತಿಗೆ ಬಂದು, "ನೀವು ಇದನ್ನು ಹೇಳಿದಿರಿ, ನಾನು ಇದನ್ನು ಬದಲಿಸಿದೆ, ಇದನ್ನು ಬದಲಿಸಲಾರೆ, ಕಾರಣ ಇದು" ಎಂದು ಬಾಯಿಬಿಟ್ಟು ಹೇಳಬೇಕು. ಇದಕ್ಕೆ ಸರ್ಕಾರದ ಆದೇಶ ಬೇಡ, ಕಂಪ್ಯೂಟರ್ ಬೇಡ. ಒಂದು ಹಾಳೆಯನ್ನು ಹರಿದರೆ ಎಂಟು ಚೀಟಿಯಾಗುತ್ತದೆ.

ಇನ್ನು ನಿಮಗೊಂದು ಮಾತು. ಕಾಲೇಜಿನ ಪೋಷಕರ ಸಭೆಗೆ ನಾವು ಹೋಗುವುದೇ ಕಡಿಮೆ, ಹೋದರೂ ಹಾಜರಾತಿ, ಫೀಸು ಕೇಳಿ, ಬಿಸ್ಕತ್ತು ತಿಂದು ಬರುತ್ತೇವೆ. ಈ ಸಲ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿ: "ಹೋದ ವರ್ಷ ನಮ್ಮ ಮಕ್ಕಳು ತುಂಬಿದ ಫಾರಂ ಓದಿ ನೀವು ಏನನ್ನು ಬದಲಾಯಿಸಿದಿರಿ?" ನಾನು ಮುಂದಿನ ತಿಂಗಳು ಕೇಳುವವಳಿದ್ದೇನೆ. ನಮ್ಮ ಹುಡುಗಿ ಆ ಪೇಪರನ್ನು ಮತ್ತೆ ಕಟ್ಟಿದ್ದಾಳೆ. ಅವಳು ಓದು ಬಿಡುವುದಿಲ್ಲ ಎಂದು ಭಾವನಿಗೆ ನಾನೇ ಹೇಳಿದ್ದೇನೆ.