ಕೇದಾರದ ದಾರಿ ಏಕೆ ನದಿ ದಾಟಿತು?

ಬಹಳ ಹಿಂದೆ ಕೇದಾರನಾಥಕ್ಕೆ ಹೋಗಿಬಂದ ಹಿರಿಯರು ಗೌರೀಕುಂಡದಿಂದ ಗುಡಿಗೆ 14 ಕಿ.ಮೀ. ಎನ್ನುತ್ತಾರೆ. ಈಚೆಗೆ ಹೋಗಿಬಂದ ಮಕ್ಕಳು 16ಕ್ಕೂ ಕಡಿಮೆಯಿಲ್ಲ ಎನ್ನುತ್ತಾರೆ. ಇಬ್ಬರ ಮಾತೂ ನಿಜ, ಏಕೆಂದರೆ ಇಬ್ಬರೂ ನಡೆದ ದಾರಿ ಒಂದೇ ಅಲ್ಲ. ಹೊಸ ದಾರಿಯಲ್ಲಿ ಸುತ್ತು ಜಾಸ್ತಿ, ಏರು ಇನ್ನೂ ಜಾಸ್ತಿ. ಲಿಂಚೋಲಿಯ ಏರಿನಲ್ಲಿ ಮೊಣಕಾಲು ಹಿಡಿದುಕೊಂಡು ಕೂತವರಿಗೆ, ಇಷ್ಟು ಕಷ್ಟದ ದಾರಿಯನ್ನು ಯಾಕಾದರೂ ಮಾಡಿದರೋ ಎನಿಸುವುದು ಸಹಜ. ಅದಕ್ಕೆ ಉತ್ತರ ನದಿಯಲ್ಲಿದೆ.

ಹಳೆಯ ದಾರಿ ಮಂದಾಕಿನಿಯ ಒಂದೇ ದಂಡೆ ಹಿಡಿದು ರಾಂಬಾಡಾ, ಗರುಡಚಟ್ಟಿಗಳ ಮೇಲೆ ಹಾದು ಗುಡಿ ಸೇರುತ್ತಿತ್ತು. ಅರ್ಧದಾರಿಯಲ್ಲಿದ್ದ ರಾಂಬಾಡಾ ಎಲ್ಲರೂ ದಣಿವಾರಿಸಿಕೊಳ್ಳುವ ಜಾಗ. ಚಹಾದಂಗಡಿ, ಊಟದ ಮನೆ, ತಂಗುವ ಕೋಣೆ, ಹೇಸರಗತ್ತೆಗಳ ಸಾಲು ಎಲ್ಲವೂ ಹೊಳೆಯ ಪಕ್ಕದಲ್ಲೇ ಇದ್ದವು. ಬೆಟ್ಟದೂರಿನಲ್ಲಿ ಸಮತಟ್ಟು ನೆಲ ಸಿಗುವುದು ಹೊಳೆ ಹಿಂದೆಂದೋ ಕಲ್ಲುಮಣ್ಣು ತಂದು ಹರವಿದ ಕಡೆ. ಜನ ಮನೆ ಕಟ್ಟುವುದೂ ಅಲ್ಲೇ, ಹೊಳೆ ಮತ್ತೆ ಬರುವುದೂ ಅಲ್ಲಿಗೇ.

2013ರ ಜೂನ್ 16 ಮತ್ತು 17ರಂದು ಆದದ್ದು ಅದೇ. ಗುಡಿಯ ಮೇಲ್ಗಡೆ, ಹಿಮನದಿಯ ಅಂಚಿನಲ್ಲಿ ಚೋರಾಬಾರಿ ಸರೋವರವಿತ್ತು. ಗಾಂಧಿ ಸರೋವರ ಎಂದೂ ಅದನ್ನು ಕರೆಯುತ್ತಿದ್ದರು. ಅದರ ಕಟ್ಟೆಯನ್ನು ಯಾರೂ ಕಟ್ಟಿದ್ದಲ್ಲ. ಹಿಮನದಿ ಹಿಂದೆ ಸರಿಯುವಾಗ ಬಿಟ್ಟುಹೋದ ಕಲ್ಲು, ಮರಳು, ಕೆಸರಿನ ರಾಶಿಯೇ ಅಲ್ಲಿ ಕಟ್ಟೆ. ಬಿಡದೆ ಸುರಿದ ಮಳೆಗೆ ಕರಗಿದ ಹಿಮದ ನೀರೂ ಸೇರಿ ಸರೋವರ ತುಂಬಿತು. ಇಂಥ ಕಟ್ಟೆಯ ಮೇಲೆ ನೀರು ಒಮ್ಮೆ ಹರಿಯತೊಡಗಿದರೆ ಅದು ತನ್ನ ದಾರಿಯನ್ನು ತಾನೇ ಕೊರೆದುಕೊಳ್ಳುತ್ತದೆ. ಕೊರೆದಷ್ಟೂ ಹರಿವು ಹೆಚ್ಚುತ್ತದೆ, ಹರಿವು ಹೆಚ್ಚಿದಷ್ಟೂ ಕೊರೆತ ಹೆಚ್ಚುತ್ತದೆ. 17ರ ಬೆಳಗ್ಗೆ ಸರೋವರ ನಿಮಿಷಗಳಲ್ಲಿ ಬರಿದಾಯಿತು. ಕೆಳಗಿಳಿದದ್ದು ನೀರೊಂದೇ ಆಗಿರಲಿಲ್ಲ, ಬಂಡೆಗಳೂ ಜೊತೆಗೆ ಬಂದವು. ಆ ಎರಡು ದಿನಗಳ ಪ್ರವಾಹದಲ್ಲಿ ರಾಂಬಾಡಾ ಇತ್ತು ಎನ್ನುವುದಕ್ಕೆ ಗುರುತೂ ಉಳಿಯಲಿಲ್ಲ, ದಾರಿಯೂ ಉಳಿಯಲಿಲ್ಲ. ಆ ದುರಂತದಲ್ಲಿ ಉತ್ತರಾಖಂಡದಾದ್ಯಂತ ಸತ್ತವರು, ಕಾಣೆಯಾದವರು ಐದು ಸಾವಿರಕ್ಕೂ ಹೆಚ್ಚು.

ಮುಂದಿನ ವರ್ಷದ ಯಾತ್ರೆಗೆ ದಾರಿ ಬೇಕಿತ್ತು. ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯವರು ಕರ್ನಲ್ ಅಜಯ್ ಕೋಠಿಯಾಲ್ ನೇತೃತ್ವದಲ್ಲಿ ಹಿಮ ಬೀಳುವ ತಿಂಗಳುಗಳಲ್ಲೂ ಕೆಲಸ ಮಾಡಿದರು. 2014ರ ಮೇ ತಿಂಗಳಲ್ಲಿ ಯಾತ್ರೆ ಮತ್ತೆ ಶುರುವಾಯಿತು. ಭೀಮಬಲಿಯವರೆಗೆ ಹೆಚ್ಚುಕಡಿಮೆ ಹಳೆಯ ದಾರಿಯೇ. ರಾಂಬಾಡಾದ ಬಳಿ ಸೇತುವೆ ದಾಟಿ, ಎದುರು ದಂಡೆಯ ಇಳಿಜಾರನ್ನು ತಿರುವು ತಿರುವಾಗಿ ಹತ್ತಿ, ಲಿಂಚೋಲಿಯ ಮೇಲೆ ಗುಡಿಗೆ ಹೋಗುವುದು ಹೊಸದು. ಹೊಳೆಯಿಂದ ಎತ್ತರಕ್ಕೆ ಸರಿಯಲೇಬೇಕು ಎಂದಾಗ ಏರು ಬಂತು. ಏರನ್ನು ನಡೆಯುವಷ್ಟಕ್ಕಾದರೂ ತಗ್ಗಿಸಲು ತಿರುವು ಬೇಕಾಯಿತು. ಉದ್ದ ಹೆಚ್ಚಿದ್ದು ಹೀಗೆ.

ಹಾಗಾದರೆ ಈ ದಾರಿ ಪೂರ್ತಿ ಸುರಕ್ಷಿತವೇ? ಹೊಳೆಯ ಮಟ್ಟಿಗೆ ಮೊದಲಿಗಿಂತ ಖಂಡಿತ ಸುರಕ್ಷಿತ. ಬೆಟ್ಟದ ಮಟ್ಟಿಗೆ ಹಾಗೆನ್ನಲಾಗದು. ದಾರಿಯುದ್ದಕ್ಕೂ ಮೇಲಿನಿಂದ ಕಡಿದಾದ ಕೊರಕಲುಗಳು ಇಳಿಯುತ್ತವೆ. ಅಲ್ಲಿಯವರು ಅವನ್ನು ಗದೇರಾ ಎನ್ನುತ್ತಾರೆ. ಬಿಸಿಲಿದ್ದಾಗ ಅಲ್ಲಿ ಹರಿಯುವುದು ಪಾದ ನೆನೆಯುವಷ್ಟು ನೀರು. ತುಸು ನಿಂತು ನೋಡಿದರೆ ಹಳೆಯ ಕಲ್ಲುಗಳ ಮೇಲೆ ಪಾಚಿಯ ಕಪ್ಪು ಕಾಣುತ್ತದೆ, ಈಚೆಗೆ ಉರುಳಿಬಂದವು ಬೆಳ್ಳಗಿರುತ್ತವೆ. ಬೆಳ್ಳಗಿನವು ಹೆಚ್ಚಿದ್ದ ಕಡೆ ವಿಶ್ರಾಂತಿಗೆ ಕೂರಬಾರದು. ಭೈರವ, ಕುಬೇರ ಹೆಸರಿನ ಕೊರಕಲುಗಳಲ್ಲಿ ಋತುವಿನ ಆರಂಭದಲ್ಲಿ ಹಿಮರಾಶಿಯೇ ಜಾರಿ ದಾರಿ ಮುಚ್ಚುವುದುಂಟು. 2023ರ ಮೇ ತಿಂಗಳಲ್ಲಿ ಹಾಗಾಗಿತ್ತು. 2024ರ ಜುಲೈ 31ರ ರಾತ್ರಿ ಲಿಂಚೋಲಿ, ಭೀಮಬಲಿ ಭಾಗದಲ್ಲಿ ಮೇಘಸ್ಫೋಟವಾಗಿ ಹಲವೆಡೆ ದಾರಿಯೇ ಕಿತ್ತುಹೋಯಿತು. ಸಿಲುಕಿಕೊಂಡ ಸಾವಿರಾರು ಯಾತ್ರಿಕರನ್ನು ನಡೆಸಿಕೊಂಡೂ ಹೆಲಿಕಾಪ್ಟರಿನಲ್ಲೂ ಕೆಳಗೆ ತರಬೇಕಾಯಿತು.

ಅಂದರೆ ಇಲ್ಲಿ ಒಂದು ಅಪಾಯದಿಂದ ದೂರ ಸರಿಯುವಾಗ ಇನ್ನೊಂದನ್ನು ಒಪ್ಪಿಕೊಳ್ಳಲಾಗಿದೆ. ಹೊಳೆಯ ಪ್ರವಾಹ ಅಪರೂಪ, ಆದರೆ ಬಂದರೆ ಇಡೀ ಕಣಿವೆಯನ್ನೇ ಗುಡಿಸುತ್ತದೆ. ಕೊರಕಲಿನ ಕುಸಿತ ಮೇಲಿಂದ ಮೇಲೆ ಆಗುತ್ತದೆ, ಆದರೆ ಒಂದೊಂದು ಜಾಗಕ್ಕೆ ಸೀಮಿತ. ಎರಡನೆಯದನ್ನು ಆರಿಸಿಕೊಂಡದ್ದು ಸರಿ ಎಂದೇ ನನ್ನ ಅಭಿಪ್ರಾಯ. ಏಕೆಂದರೆ ಮಳೆಯ ಮುನ್ಸೂಚನೆ ನೋಡಿ ಜನರನ್ನು ಕೆಳಗೇ ತಡೆದರೆ ಕೊರಕಲಿನ ಕುಸಿತದಿಂದ ಜೀವ ಉಳಿಸಬಹುದು. ಈ ದಾರಿಯ ನಿಜವಾದ ರಕ್ಷಣೆ ಕಬ್ಬಿಣದ ಬೇಲಿಯಲ್ಲಿಲ್ಲ, ಸೋನಪ್ರಯಾಗ ಮತ್ತು ಗೌರೀಕುಂಡದಲ್ಲಿ ಯಾತ್ರಿಕರನ್ನು ತಡೆಯುವ ಅಧಿಕಾರಿಯ ಕೈಯಲ್ಲಿದೆ. ಗರುಡಚಟ್ಟಿಯ ಹಳೆಯ ದಾರಿಯನ್ನು ಮತ್ತೆ ಕಟ್ಟುವ ಕೆಲಸವೂ ನಡೆದಿದೆ. ದಟ್ಟಣೆ ಹಂಚಿಹೋಗುವುದಾದರೆ ಒಳ್ಳೆಯದೇ, ಆದರೆ ರಾಂಬಾಡಾದಲ್ಲಿ ಮತ್ತೆ ಅಂಗಡಿ ಸಾಲು ಎದ್ದರೆ 2013ರ ಪಾಠ ವ್ಯರ್ಥ. ಸೋನಪ್ರಯಾಗದಿಂದ 12.9 ಕಿ.ಮೀ. ಉದ್ದದ ರೋಪ್‌ವೇಗೆ ಕೇಂದ್ರ ಸಂಪುಟ 2025ರ ಮಾರ್ಚ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಅದು ಬಂದ ಮೇಲೂ ಕಾಲುದಾರಿ ಬೇಕೇ ಬೇಕು. ರೋಪ್‌ವೇ ನಿಂತ ದಿನ ಜನ ಇಳಿದು ಬರುವುದು ಕಾಲುದಾರಿಯಲ್ಲೇ.

ಕನ್ನಡಿಗರಿಗೆ ಕೇದಾರ ಪರಸ್ಥಳವಲ್ಲ. ಅಲ್ಲಿನ ರಾವಲರು, ಅಂದರೆ ಪ್ರಧಾನ ಅರ್ಚಕರು, ಪರಂಪರೆಯಿಂದ ಕರ್ನಾಟಕ ಮೂಲದ ವೀರಶೈವರು. ಚಳಿಗಾಲವನ್ನು ಊಖೀಮಠದಲ್ಲಿ ಕಳೆಯುವ ಉತ್ಸವಮೂರ್ತಿಯ ಡೋಲಿಯೂ ಇದೇ ದಾರಿಯಲ್ಲಿ, ಜನರ ಹೆಗಲ ಮೇಲೆ, ಮೇಲೇರುತ್ತದೆ. ನಮ್ಮೂರಿನಿಂದ ಹೋಗುವ ತಂಡಗಳ ಒಂದು ರೂಢಿ ಮಾತ್ರ ನನಗೆ ಭಯ ಹುಟ್ಟಿಸುತ್ತದೆ: ವಾಪಸು ಟಿಕೆಟ್‌ಗೆ ಹೊಂದಿಸಿ, ಒಂದು ದಿನದ ಬಿಡುವೂ ಇಲ್ಲದಂತೆ ಯಾತ್ರೆ ಗೊತ್ತುಮಾಡುವುದು. ದಾರಿ ಮುಚ್ಚಿದರೆ ಇಂಥ ತಂಡಗಳೇ ಪೊಲೀಸರೊಂದಿಗೆ ವಾದಕ್ಕೆ ನಿಲ್ಲುತ್ತವೆ. ಗುಡಿ ಇರುವುದು 3,583 ಮೀಟರ್ ಎತ್ತರದಲ್ಲಿ. ಬೆಂಗಳೂರಿನಿಂದ ಹೋದವರ ಉಸಿರಿಗೂ ಒಂದು ರಾತ್ರಿಯ ಬಿಡುವು ಬೇಕು. ಆದ್ದರಿಂದ ಯಾತ್ರೆ ಗೊತ್ತುಮಾಡುವಾಗಲೇ ಎರಡು ದಿನ ಹೆಚ್ಚು ಇಟ್ಟುಕೊಳ್ಳಿ, ಬೆಳಗ್ಗೆ ಬೇಗ ಹೊರಡಿ, ಸೋನಪ್ರಯಾಗದಲ್ಲಿ ತಡೆದರೆ ದಯವಿಟ್ಟು ಅಲ್ಲೇ ಉಳಿಯಿರಿ.